ಸಸಿ ತರುವ ಮುಂಚೆ ಕೆರೆಗೆ ಒಂದು ಸುತ್ತು ಹಾಕು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಿಮ್ಮ ಬಡಾವಣೆಯವರೆಲ್ಲ ಸೇರಿ ಕೆರೆ ಸುತ್ತ ಗಿಡ ನೆಡುತ್ತೀರಿ ಅಂತ ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅವತ್ತಿನಿಂದ ಅದೇ ಯೋಚನೆ. ಬೆಂಗಳೂರಿನಲ್ಲಿ ಭಾನುವಾರದ ನಿದ್ದೆ ಬಿಟ್ಟು ಹಾರೆ ಹಿಡಿಯುವವರು ಇದ್ದಾರೆ ಅನ್ನುವುದೇ ಸಂತೋಷ. ಆದರೆ ಟಬೂಬಿಯಾ, ಗುಲ್‌ಮೊಹರ್ ಸಸಿಗೆ ನರ್ಸರಿಯಲ್ಲಿ ಹೇಳಿಡುವುದನ್ನು ಸ್ವಲ್ಪ ದಿನ ತಡೆಯೋಕೆ ಆಗುತ್ತಾ ನೋಡು. ಒಂದು ದಕ್ಷಿಣ ಅಮೆರಿಕದ್ದು, ಇನ್ನೊಂದು ಮಡಗಾಸ್ಕರಿನದು. ಎರಡೂ ಚೆಂದದ ಮರಗಳೇ. ಇರುವುದನ್ನು ಯಾರೂ ಕಡಿಯುವುದು ಬೇಡ. ಹೊಸದಾಗಿ ನೆಡುವಾಗ ಮಾತ್ರ ಈ ನೆಲದ ಮರಗಳಿಗೆ ಮೊದಲ ಪಾಲು ಸಿಗಲಿ.

ನಮ್ಮೂರ ಗುಂಡುತೋಪು ನಿನಗೆ ನೆನಪಿದೆ ಅಲ್ವಾ? ಹಿಪ್ಪೆ, ನೇರಳೆ, ಹುಣಸೆ, ಹೊಂಗೆ ತುಂಬಿದ್ದ ಜಾಗ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅದರ ಒಂದು ಬದಿ ಬೋಳಾಗಿತ್ತು. ಬೇಗ ಬೆಳೆಯುತ್ತದೆ ಅಂತ ಅಲ್ಲಿ ನೀಲಗಿರಿ ಹಾಕಿದರು. ನಾನೂ ಬಿಂದಿಗೆಯಲ್ಲಿ ನೀರು ಹೊತ್ತೆ. ಬೇಗ ಬೆಳೆಯಿತು, ನಿಜ. ಆದರೆ ಅದರ ಬುಡದಲ್ಲಿ ಹುಲ್ಲೂ ಸರಿಯಾಗಿ ಬರಲಿಲ್ಲ. ಮಧ್ಯಾಹ್ನ ದನಗಳೆಲ್ಲ ಹಳೇ ಹೊಂಗೆ ಕೆಳಗೇ ಹೋಗಿ ಮಲಗುತ್ತಿದ್ದವು. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ಹಾಕಬಾರದು ಅಂತ ನಿಷೇಧಿಸಿತು. ಅಷ್ಟರಲ್ಲಿ ನಾನು ನೀರು ಹೊತ್ತು ಮೂವತ್ತು ವರ್ಷದ ಮೇಲಾಗಿತ್ತು. ಅವತ್ತು ಊರಿನ ಹಿರಿಯರನ್ನು ಒಂದು ಮಾತು ಕೇಳಿದ್ದರೆ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಹೇಳುತ್ತೇನೆ, ಮೊದಲು ಕೆರೆಗೆ ಒಂದು ಸುತ್ತು ಹಾಕು. ಒಬ್ಬಳೇ ಹೋಗಬೇಡ. ಅಲ್ಲಿ ಕುರಿ ಮೇಯಿಸುವವರು, ಸೊಪ್ಪು ಮಾರುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಅವರನ್ನು ಕರೆದುಕೊಂಡು ಹೋಗು. ಗಿಡಗಳ ಹೆಸರು ಕೇಳು, ಬರೆದುಕೋ. ನೀವು ಕಳೆ ಅಂತ ಕಿತ್ತು ಹಾಕುವುದರಲ್ಲಿ ತುಂಬೆ ಇರಬಹುದು. ಅದರ ಬಿಳಿ ಹೂವಿಗೆ ಜೇನು, ಚಿಟ್ಟೆ ಎಷ್ಟು ಬರುತ್ತವೆ ಅಂತ ಹತ್ತು ನಿಮಿಷ ಕೂತು ನೋಡು. ಎಕ್ಕದ ಎಲೆ ತಿರುಗಿಸಿದರೆ ಕಪ್ಪು, ಹಳದಿ, ಬಿಳಿ ಪಟ್ಟೆಯ ಹುಳ ಸಿಗಬಹುದು. ಹೊಸಕಿ ಹಾಕಬೇಡಿ, ಅದೇ ನಾಳೆ ಕಿತ್ತಳೆ ಬಣ್ಣದ ಚಿಟ್ಟೆ. ಕೀಳಲೇಬೇಕಾದದ್ದು ಕಾಂಗ್ರೆಸ್ ಗಿಡ. ಅದನ್ನು ಹೂವಾಗುವ ಮುಂಚೆ, ಕೈಗವಸು ಹಾಕಿಕೊಂಡು ಬೇರು ಸಮೇತ ಕೀಳಿ. ಮೈಗೆ ತಾಗಿದರೆ ಕೆಲವರಿಗೆ ತುಂಬಾ ತುರಿಕೆ.

ಹೊನ್ನಳ್ಳಿಯ ತುಳಸಿ ಗೌಡರ ಹೆಸರು ಕೇಳಿದ್ದೀಯಲ್ಲ, ಅಂಕೋಲದ ಕಡೆಯವರು, ಗಿಡ ಬೆಳೆಸಿದ್ದಕ್ಕೇ ಪದ್ಮಶ್ರೀ ಬಂದಿತ್ತು. ಶಾಲೆಗೆ ಹೋದವರಲ್ಲ. ಆದರೆ ಕಾಡಿನಲ್ಲಿ ತಾಯಿಮರ, ಅಂದರೆ ಒಳ್ಳೆ ಬೀಜ ಕೊಡುವ ಗಟ್ಟಿ ಮರ, ಯಾವುದು ಅಂತ ಗುರುತಿಸಿ ಅದರ ಬೀಜವನ್ನೇ ತರುತ್ತಿದ್ದರು. ನೀವೂ ಹಾಗೇ ಮಾಡಿ. ನಿಮ್ಮ ಸುತ್ತಮುತ್ತ ಗಟ್ಟಿಯಾಗಿ ನಿಂತ ಹಳೇ ಹೊಂಗೆ, ಅತ್ತಿ, ನೇರಳೆ, ಮುತ್ತುಗ ಹುಡುಕಿ. ಆ ಬಿಸಿಲು, ಆ ನೀರಿಗೆ ಒಗ್ಗಿದ ಮರದ ಬೀಜಕ್ಕಿಂತ ಒಳ್ಳೆಯದು ಇನ್ನೇನಿದೆ?

ಈಗ ಹೊಂಗೆ ಹೂ ಬಿಡುವ ಸಮಯ. ಬೆಳಗ್ಗೆ ಹೋದರೆ ಮರದ ಕೆಳಗೆಲ್ಲ ಹೂ ಉದುರಿ ಮಂಡಕ್ಕಿ ಚೆಲ್ಲಿದ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಒಳಗೆ ತೆಳು ನೇರಳೆ ಬಣ್ಣ. ಕಳೆದ ವರ್ಷದ ಒಣಗಿದ ಕಾಯಿಯೂ ಅಲ್ಲೇ ಬಿದ್ದಿರುತ್ತದೆ. ಎಲೆ ಮೇಲೆ ಸಣ್ಣ ಸಣ್ಣ ಗಂಟು ಕಂಡರೆ ಗಾಬರಿಯಾಗಿ ಔಷಧಿ ಹೊಡೆಸಬೇಡಿ. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಕೆಲಸ ಅದು, ಮರ ತಾಳಿಕೊಳ್ಳುತ್ತದೆ. ಇನ್ನೊಂದು, ಕೆರೆ ಏರಿಯ ಮೇಲೆ ದೊಡ್ಡ ಮರ ಬೇಡವೇ ಬೇಡ. ಬೇರು ಇಳಿದು ಏರಿ ಸಡಿಲವಾದೀತು. ಏರಿ ಬಿಟ್ಟು ದೂರದಲ್ಲಿ ಹಾಕಿ.

ಬರುವ ವಾರ ನಿನ್ನ ತಮ್ಮ ಬೆಂಗಳೂರಿಗೆ ಬರುತ್ತಾನೆ. ಅವನ ಕೈಯಲ್ಲಿ ಒಂದು ಚೀಲ ಹೊಂಗೆ ಕಾಯಿ ಕಳಿಸುತ್ತೇನೆ. ನಿಮ್ಮ ಕೆರೆ ಹತ್ತಿರವೇ ಒಳ್ಳೆ ಮರ ಸಿಕ್ಕಿದರೆ ಅದರ ಬೀಜವೇ ಮೊದಲು, ಸಾಲದೆ ಬಂದರೆ ಮಾತ್ರ ಇದು. ಸಿಪ್ಪೆ ಒಡೆದು ಬೀಜ ತೆಗೆದು ರಾತ್ರಿ ನೀರಲ್ಲಿ ನೆನೆಹಾಕು. ಬೆಳಗ್ಗೆ ಮಣ್ಣು ತುಂಬಿದ ಹಾಲಿನ ಪ್ಯಾಕೆಟ್ಟಿನಲ್ಲಿ ಒಂದೊಂದು ಹಾಕಿ, ತಳದಲ್ಲಿ ಎರಡು ತೂತು ಮಾಡು. ಮೇಲಿನ ಮನೆ ಮಕ್ಕಳಿಗೂ ಒಂದೊಂದು ಕೊಡು. ಮೊಳಕೆ ಬಂದ ದಿನ ಫೋನ್ ಮಾಡು.

ನಿನ್ನ ದೊಡ್ಡಮ್ಮ