ನೀನು ಆರಿಸಿದ್ದು ಒಂದು ಹೆಸರನ್ನು ಮಾತ್ರ

ಸೋಮವಾರಪೇಟೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಅರ್ಧ ಉತ್ತರವಷ್ಟೇ ಸಿಕ್ಕಿತು. ಅಜ್ಜಿ ಅಲ್ಲೇ ಟಿವಿ ಮುಂದೆ ಕೂತಿದ್ದರು, ಜೊತೆಗೆ ನಮ್ಮ ನೆಟ್‌ವರ್ಕ್ ಹೇಗೆ ಅಂತ ನಿನಗೆ ಗೊತ್ತೇ ಇದೆ. ಪೂರ್ತಿ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ. "ಅಮ್ಮಾ, ಇದು ನಾನೇ ಬೇಕು ಅಂತ ಮಾಡಿಕೊಂಡಿದ್ದು ಅಂತ ನಿನಗೂ ಅನ್ನಿಸುತ್ತಾ?" ಅಂದೆ. ಇಲ್ಲ ಪುಟ್ಟಿ, ಹುಡುಗಿಯರ ಮೇಲಿನ ನಿನ್ನ ಒಲವು ನೀನು ಆರಿಸಿಕೊಂಡಿದ್ದು ಅಂತ ನನಗೆ ಅನ್ನಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಆಮೇಲೆ ಇನ್ನೊಂದು ಮಾತಿದೆ. ನನಗೆ ಅದು ಇದಕ್ಕಿಂತ ಮುಖ್ಯ.

ವಿಷಯ ನಿನ್ನ ಅಕ್ಕನ ಬಾಯಿಂದ ದೊಡ್ಡಮ್ಮನಿಗೆ ತಲುಪಿದೆ. "ಬೆಂಗಳೂರಿಗೆ ಕಳಿಸಿದ್ದೇ ತಪ್ಪಾಯ್ತು, ಯಾರ ಸಹವಾಸವೋ ಏನೋ" ಅಂತ ಅವರು ಹೇಳುತ್ತಿದ್ದಾರೆ. ಅದೇ ಪಿಜಿಯಲ್ಲಿ ನಿನ್ನ ಜೊತೆ ಇದ್ದವಳು ಅವರ ಮಗಳೇ ಅಲ್ವಾ? ಒಂದೇ ರೂಮು, ಒಂದೇ ಊಟ, ಅದೇ ಗೆಳತಿಯರು. ಅವಳು ಹುಡುಗನನ್ನು ಇಷ್ಟಪಟ್ಟು ಮದುವೆಯಾದಳು. ಇದನ್ನು ದೊಡ್ಡಮ್ಮನಿಗೆ ಹೇಳಿದೆ. ಅವರು ಮಾತು ಬದಲಾಯಿಸಿದರು.

ಬೆಂಗಳೂರು ನೋಡುವುದಕ್ಕೆ ಎಷ್ಟೋ ಮುಂಚಿನ ಒಂದು ರಾತ್ರಿಯ ಬಗ್ಗೆ ನೀನೇ ಹೇಳಿದ್ದೆ. ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ನೀನು ಆಗ ಪಿಯುಸಿ. ವಿಜಯದಶಮಿ ರಾತ್ರಿ ಅಕ್ಕ ತಂಗಿಯರೆಲ್ಲ ಮಡಿಕೇರಿಯಲ್ಲಿ ದಶಮಂಟಪ ನೋಡಲು ಹೋಗಿದ್ದಿರಿ. ಚಳಿಗೆ ಶಾಲು ಹೊದ್ದು, ಕಡಲೆಕಾಯಿ ಪೊಟ್ಟಣ ಹಿಡಿದು ರಸ್ತೆ ಪಕ್ಕ ನಿಂತಿದ್ದಿರಿ. ಒಬ್ಬೊಬ್ಬಳೂ ತನಗೆ ಇಷ್ಟವಾದ ಹುಡುಗನ ಹೆಸರು ಹೇಳಬೇಕು ಅಂತ ಆಟ ಶುರುವಾಯಿತು. ನಿನ್ನ ಸರದಿ ಬಂತು. ಮಂಟಪದ ಮುಂದೆ ಕುಣಿಯುತ್ತಿದ್ದ ಒಬ್ಬನನ್ನು ಯಾರೋ ಹೆಸರು ಹಿಡಿದು ಕೂಗಿದರು. ನೀನು ಆ ಹೆಸರನ್ನೇ ಹೇಳಿಬಿಟ್ಟೆ. ಎಲ್ಲರೂ ಹೋ ಅಂತ ನಕ್ಕರು. ಕಾಲೇಜು ಮುಗಿಯುವವರೆಗೂ ನೀನು ಆ ಹೆಸರನ್ನು ನಿಭಾಯಿಸಬೇಕಾಯಿತು. ಅವನ ಮಾತು ಬಂದಾಗ ಎಷ್ಟು ನಾಚಬೇಕು, ಯಾವಾಗ ಕೋಪ ಮಾಡಿಕೊಳ್ಳಬೇಕು ಅಂತ ಅಕ್ಕಂದಿರನ್ನು ನೋಡಿ ಕಲಿತೆ. ಅದೇ ರಾತ್ರಿ ನಿನ್ನ ಕ್ಲಾಸಿನ ಹುಡುಗಿಯೊಬ್ಬಳು ಚಳಿ ಅಂತ ನಿನ್ನ ಶಾಲಿನ ಒಳಗೆ ಸೇರಿಕೊಂಡಾಗ ಎದೆ ಡವಡವ ಅಂದಿದ್ದನ್ನು ಯಾರಿಗೂ ಹೇಳಲಿಲ್ಲ.

ಇದನ್ನು ಕೇಳಿದ ಮೇಲೆ ನನಗೆ ಬೇರೆ ಸಾಕ್ಷಿ ಬೇಕಾಗಿಲ್ಲ. ಆ ರಾತ್ರಿ ನೀನು ಆರಿಸಿದ್ದು ಆ ಹುಡುಗನ ಹೆಸರನ್ನು ಮಾತ್ರ. ಯೋಚನೆ ಮಾಡಿ, ಹೆದರಿ, ಅಕ್ಕಪಕ್ಕ ನೋಡಿ ಆರಿಸಿದೆ. ಎದೆ ಹೊಡೆದುಕೊಂಡಿದ್ದು ನಿನ್ನನ್ನು ಕೇಳಿ ಅಲ್ಲ.

ಆಗಿನ ಕಾಲವಾದರೂ ಹೇಗಿತ್ತು ನೋಡು. ದೆಹಲಿ ಹೈಕೋರ್ಟ್ 2009ರಲ್ಲಿ ಒಂದೇ ಲಿಂಗದವರ ಸಂಬಂಧ ಅಪರಾಧ ಅಲ್ಲ ಅಂತ ಹೇಳಿತ್ತು. 2013ರ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ, ಬ್ರಿಟಿಷರು 1860ರಲ್ಲಿ ಬರೆದ 377ನೇ ಸೆಕ್ಷನ್ನನ್ನು ಮತ್ತೆ ತಂದು ಕೂರಿಸಿತು. ನೀನು ಹದಿಹರೆಯಕ್ಕೆ ಕಾಲಿಟ್ಟಿದ್ದು ಅದರ ನೆರಳಲ್ಲಿ. ಊರು ಬೈಯುವ, ಕಾನೂನು ಹೆದರಿಸುವ, ಮನೆಯಲ್ಲಿ ಬಾಯಿ ಬಿಡಲಾಗದ ಒಂದು ವಿಷಯವನ್ನು ಹದಿನಾರರ ಹುಡುಗಿ ಸುಮ್ನೆ ಬೇಕು ಅಂತ ತಲೆ ಮೇಲೆ ಎಳೆದುಕೊಳ್ಳುತ್ತಾಳಾ?

ನನ್ನದನ್ನೇ ಹೇಳುತ್ತೇನೆ. ನಿನ್ನ ಅಪ್ಪನಿಗಿಂತ ಮುಂಚೆ ಶನಿವಾರಸಂತೆ ಕಡೆಯಿಂದ ಒಂದು ಸಂಬಂಧ ಬಂದಿತ್ತು. ತೋಟ, ಗದ್ದೆ, ಜಾತಕ ಎಲ್ಲ ಕೂಡಿಬಂದಿತ್ತು. ಹುಡುಗ ಒಳ್ಳೆಯವನೇ. ನನಗೆ ಮನಸ್ಸಾಗಲಿಲ್ಲ. ತಾತ ಕಾರಣ ಕೇಳಿದರು, ಹೇಳಲು ನನ್ನ ಹತ್ತಿರ ಕಾರಣ ಇರಲಿಲ್ಲ. "ಮನಸ್ಸಿಲ್ಲದ ಮೇಲೆ ಬಿಡು" ಅಂದರು. ಅಷ್ಟೇ. ನಿನ್ನ ಅಪ್ಪ ಬಂದು ಹೋದ ದಿನ ಜೀಪು ಗೇಟು ದಾಟಿ ತಿರುಗುವವರೆಗೂ ಅಡುಗೆಮನೆ ಕಿಟಕಿಯಲ್ಲಿ ನಿಂತಿದ್ದೆ. ಮದುವೆಗೆ ಒಪ್ಪಿದ್ದು ನನ್ನ ತೀರ್ಮಾನ. ಕಿಟಕಿ ಬಿಟ್ಟು ಬರಲಾಗದೆ ನಿಂತಿದ್ದು ತೀರ್ಮಾನ ಅಲ್ಲ. ಈ ವ್ಯತ್ಯಾಸ ನಮ್ಮ ಮನೆಯ ಹಿರಿಯರಿಗೆ ಚೆನ್ನಾಗಿ ಗೊತ್ತು. ನಿನ್ನ ವಿಷಯ ಬಂದಾಗ ಮಾತ್ರ ಮರೆಯುತ್ತಾರೆ.

ಅಪ್ಪನ ಬಗ್ಗೆ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅವರಿಗೆ ಕೋಪ ಇಲ್ಲ. ಒಂದು ಸಂಜೆ ಮೆಣಸು ಒಣಗಿಸುವ ಕಣದಲ್ಲಿ ಕೂತಿದ್ದಾಗ, "ನಾವು ಬೆಳೆಸಿದ ರೀತಿಯಲ್ಲಿ ಏನಾದರೂ ಹೆಚ್ಚುಕಮ್ಮಿ ಆಯಿತಾ? ನಾನು ಜಾಸ್ತಿ ಹೊತ್ತು ತೋಟದಲ್ಲೇ ಇದ್ದೆ" ಅಂದರು. ಕೈ ಮಾತ್ರ ಮೆಣಸು ಹರವುತ್ತಲೇ ಇತ್ತು. ಅಪ್ಪ ದೂರ ಇದ್ದರೆ, ಅಮ್ಮ ಮುದ್ದು ಮಾಡಿದರೆ ಮಕ್ಕಳು ಹೀಗಾಗುತ್ತಾರೆ ಅಂತ ಹಿಂದೆ ಕೆಲವು ಮನೋವೈದ್ಯರು ಹೇಳುತ್ತಿದ್ದರು. ಅದಕ್ಕೆ ಗಟ್ಟಿ ಆಧಾರ ಯಾವತ್ತೂ ಸಿಗಲಿಲ್ಲ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ತೆಗೆಯಿತು. ನಮ್ಮ ದೇಶದ ಮನೋವೈದ್ಯರ ಸಂಘವೂ 2018ರಲ್ಲಿ ಇದು ಕಾಯಿಲೆ ಅಲ್ಲ ಅಂತ ಸ್ಪಷ್ಟವಾಗಿ ಹೇಳಿತು. ಇಷ್ಟನ್ನೂ ಅಪ್ಪನಿಗೆ ಹೇಳಿದೆ.

"ಹಾಗಾದರೆ ಹುಟ್ಟಿನಿಂದಲೇನಾ? ವಂಶವಾಹಿನಾ?" ಅಂದರು. ಇದಕ್ಕೆ ಉತ್ತರ ಸ್ವಲ್ಪ ಉದ್ದ. 2019ರಲ್ಲಿ ಸುಮಾರು 4.7 ಲಕ್ಷ ಜನರ ವಂಶವಾಹಿಗಳನ್ನು ಪರೀಕ್ಷಿಸಿದ ಒಂದು ದೊಡ್ಡ ಅಧ್ಯಯನ ಬಂತು. ಇದನ್ನು ನಿರ್ಧರಿಸುವ ಒಂದೇ ಒಂದು ಜೀನ್ ಅವರಿಗೆ ಸಿಗಲಿಲ್ಲ. ಸಣ್ಣ ಸಣ್ಣ ಪ್ರಭಾವದ ಬಹಳಷ್ಟು ಜೀನ್‌ಗಳು ಸೇರಿ ಸ್ವಲ್ಪ ಪಾಲು ಹೊರುತ್ತವೆ, ಉಳಿದದ್ದಕ್ಕೆ ಬೇರೆ ಕಾರಣಗಳಿವೆ ಅಂತ ಕಂಡಿತು. ತದ್ರೂಪಿ ಅವಳಿಗಳಲ್ಲೂ ಒಬ್ಬರು ನಿನ್ನ ಹಾಗೆ, ಇನ್ನೊಬ್ಬರು ನನ್ನ ಹಾಗೆ ಇರುವುದುಂಟು. ಕೂಡಲೇ ಕೆಲವರು, "ನೋಡಿದ್ರಾ, ಜೀನ್ ಇಲ್ಲ, ಅಂದ ಮೇಲೆ ಅವರೇ ಆರಿಸಿಕೊಂಡಿದ್ದು" ಅಂದರು.

ನಮ್ಮ ಕೊಡಗಿನಲ್ಲಿ ಬೆಳೆದವರು ಈ ಮಾತಿಗೆ ಬೀಳಬಾರದು. ಇಲ್ಲಿ ಒಂದು ಮನೆಯಲ್ಲಿ ಕೊಡವ ತಕ್ಕ್, ಪಕ್ಕದ ಮನೆಯಲ್ಲಿ ಅರೆಭಾಷೆ, ತೋಟದ ಕೆಲಸಗಾರರ ಲೈನು ಮನೆಗಳಲ್ಲಿ ತಮಿಳು, ಮಲಯಾಳ, ಎರವರ ಮಾತು. ಯಾವ ಮಗು ತನ್ನ ಮಾತೃಭಾಷೆಯನ್ನು ಆರಿಸಿಕೊಂಡಿದೆ? ಆ ಭಾಷೆ ಯಾವ ಜೀನ್‌ನಲ್ಲಿದೆ? ಜೀನ್‌ನಲ್ಲೂ ಇಲ್ಲ, ಆಯ್ಕೆಯೂ ಅಲ್ಲ. ನಿನ್ನ ಒಲವನ್ನೂ ಭಾಷೆಯ ಹಾಗೆ ಯಾರೋ ಕಲಿಸಿದರು ಅಂತ ನಾನು ಹೇಳುತ್ತಿಲ್ಲ. ಜೀನ್ ಅಲ್ಲದ್ದೆಲ್ಲ ಆಯ್ಕೆ ಅನ್ನುವ ಲೆಕ್ಕ ತಪ್ಪು ಅಂತ ಅಷ್ಟೇ. ಇದು ಅಪ್ಪನಿಗೆ ಹಿಡಿಸಿತು.

ಕೆಲವರ ಒಲವು ವಯಸ್ಸಾಗುತ್ತಾ ಬದಲಾಗುವುದೂ ಉಂಟು. ಅಮೆರಿಕದ ಲೀಸಾ ಡೈಮಂಡ್ ಎನ್ನುವ ಮನಶ್ಶಾಸ್ತ್ರಜ್ಞೆ ಒಂದಷ್ಟು ಹೆಣ್ಣುಮಕ್ಕಳನ್ನು ಹತ್ತು ವರ್ಷ ಕಾಲ ಮತ್ತೆ ಮತ್ತೆ ಮಾತನಾಡಿಸಿದರು. ಹಲವರಲ್ಲಿ ಬದಲಾವಣೆ ಕಂಡರು. ಆದರೆ ಅದು ಇಚ್ಛೆಪಟ್ಟು ಮಾಡಿಕೊಂಡ ಬದಲಾವಣೆ ಅಲ್ಲ ಅಂತ ಅವರೇ ಹೇಳುತ್ತಾರೆ. ಯಾಕೆ ಹೇಳಿದೆ ಅಂದರೆ, ಮುಂದೆ ಯಾವತ್ತಾದರೂ ನಿನಗೆ ಬೇರೆ ಥರ ಅನ್ನಿಸಿದರೂ ಇವತ್ತಿನದು ಸುಳ್ಳಾಗುವುದಿಲ್ಲ. ನನಗೆ ಲೆಕ್ಕ ಒಪ್ಪಿಸಬೇಕಾಗಿಯೂ ಇಲ್ಲ.

ಈಗ ನನಗೆ ಮುಖ್ಯವಾದ ಮಾತು. "ಪಾಪ, ಹುಟ್ಟಿದ್ದೇ ಹಾಗೆ, ಅವಳಾದರೂ ಏನು ಮಾಡ್ತಾಳೆ" ಅಂತ ನಿನ್ನ ಅತ್ತೆ ನಿನ್ನ ಪರವಾಗಿಯೇ ಮಾತಾಡಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಆ "ಪಾಪ" ನನಗೆ ಹಿಡಿಸಲಿಲ್ಲ. ನೀನು ಬೇರೆ ದಾರಿ ಇಲ್ಲದೆ ಹೀಗಿದ್ದೀಯ, ಅದಕ್ಕೆ ಕ್ಷಮಿಸೋಣ ಅನ್ನುವುದು ನನಗೆ ಬೇಡ. ಒಂದು ವೇಳೆ ನೀನು ನಿಜವಾಗಿಯೂ ಆರಿಸಿಕೊಂಡಿದ್ದರೆ? ಆಗಲೂ ಇದರಲ್ಲಿ ಯಾರ ಗಂಟು ಹೋಯಿತು? ದೇವರು, ಧರ್ಮ ಮನುಷ್ಯ ಬಿಡಬಹುದಾದ, ಹಿಡಿಯಬಹುದಾದ ವಿಷಯ. ಆದರೂ ನಮ್ಮ ಸಂವಿಧಾನ ಅದನ್ನು ಕಾಪಾಡುತ್ತದೆ. ಇದು ಆಯ್ಕೆ ಅಲ್ಲ ಅಂತ ನನಗೆ ಗೊತ್ತು, ಸತ್ಯ ಅಂತ ಅದನ್ನು ಹೇಳುತ್ತೇನೆ. ನಿನ್ನ ಪರ ನಿಲ್ಲುವುದು ಅದರಿಂದಾಗಿ ಅಲ್ಲ. ನೀನು ನಿನ್ನ ಸಂಗಾತಿಯ ಜೊತೆ ಸಂತೋಷವಾಗಿದ್ದೀಯ, ಯಾರಿಗೂ ಮೋಸ ಮಾಡಿಲ್ಲ. ನನಗೆ ಅಷ್ಟು ಸಾಕು.

ಮೋಸ ಅಂದೆನಲ್ಲ, "ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತೆ" ಅನ್ನುವ ಮಾತೂ ಬಂದಿದೆ. ಅದು ಈ ಮನೆಯಲ್ಲಿ ನಡೆಯುವುದಿಲ್ಲ. ಯಾರದೋ ಮನೆಯ ಮಗನನ್ನು ತಂದು ಗೊತ್ತಿದ್ದೂ ಗೊತ್ತಿದ್ದೂ ಬಾವಿಗೆ ತಳ್ಳುವ ಕೆಲಸ ಅದು. ಮೈಸೂರಿನಲ್ಲಿ ಯಾರೋ ಡಾಕ್ಟರು "ಸರಿ ಮಾಡ್ತಾರಂತೆ" ಅಂತಲೂ ಹೇಳಿದರು. ಹಾಗೆ ಬದಲಾಯಿಸುತ್ತೇನೆ ಅನ್ನುವ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೈದ್ಯರ ದುರ್ನಡತೆ ಅಂತ ಘೋಷಿಸಿದೆ. ಅಮೆರಿಕದಲ್ಲಿ ಇದನ್ನೇ ಮಾಡುತ್ತಿದ್ದ ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ದೊಡ್ಡ ಸಂಸ್ಥೆ 2013ರಲ್ಲಿ ಬಾಗಿಲು ಮುಚ್ಚಿತು. ಅದರ ಮುಖ್ಯಸ್ಥರೇ ಜನರ ಕ್ಷಮೆ ಕೇಳಿದರು.

ಆಯೋಗ ಹಾಗೆ ಹೇಳಲು ಕಾರಣವಾದ ಮದ್ರಾಸ್ ಹೈಕೋರ್ಟಿನ ಪ್ರಕರಣ ಓದಿದ್ದೀಯಾ? ಇಬ್ಬರು ಹುಡುಗಿಯರು ಮನೆಯವರಿಗೆ ಹೆದರಿ ರಕ್ಷಣೆ ಕೇಳಿದ್ದರು. ನ್ಯಾಯಮೂರ್ತಿ ಆನಂದ್ ವೆಂಕಟೇಶ್ ತೀರ್ಪು ಬರೆಯುವ ಮುಂಚೆ, ತನಗೆ ಈ ವಿಷಯ ಸರಿಯಾಗಿ ಅರ್ಥವಾಗಬೇಕು ಅಂತ ತಾವೇ ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಿ ಕೂತು ಕೇಳಿದರು. 2021ರ ಜೂನ್‌ನಲ್ಲಿ ತೀರ್ಪು ಕೊಟ್ಟರು. ಅಪ್ಪನಿಗೆ ಇದನ್ನು ಎರಡು ಸಲ ಓದಿ ಹೇಳಿದೆ. ನ್ಯಾಯಾಧೀಶರೇ ಕಲಿಯಲು ಹೋದರಲ್ಲ ಅಂತ ಅವರಿಗೆ ಧೈರ್ಯ ಬಂದ ಹಾಗಿದೆ.

ಕಾನೂನು ಎಲ್ಲಿದೆ ಅಂತ ನಿನಗೆ ನನಗಿಂತ ಜಾಸ್ತಿ ಗೊತ್ತು. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು 377ರ ಹಲ್ಲು ಕಿತ್ತರು. ಈ ಜನರಿಗೂ ಅವರ ಕುಟುಂಬಗಳಿಗೂ ಇತಿಹಾಸ ಕ್ಷಮೆ ಕೇಳಬೇಕು ಅಂತ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. ಕುಟುಂಬಗಳಿಗೂ ಅಂದಿದ್ದು ನನ್ನ ಮನಸ್ಸಿಗೆ ತಾಕಿತು. ಆದರೆ 2023ರ ಅಕ್ಟೋಬರ್ 17ರಂದು ಅದೇ ಕೋರ್ಟ್ ಮದುವೆಯ ಹಕ್ಕು ಮಾತ್ರ ಕೊಡಲಿಲ್ಲ. ಹಾಗಾಗಿ ನೀವಿಬ್ಬರೂ ಎಷ್ಟು ವರ್ಷ ಜೊತೆಗಿದ್ದರೂ ಕಾಗದದ ಮೇಲೆ ಯಾರೂ ಅಲ್ಲ. ಇದು ಅನ್ಯಾಯ.

ಸೊಸೈಟಿಯಲ್ಲಿ ನಾಮಿನಿ ಫಾರಂ ತುಂಬಿಸಿ ತುಂಬಿಸಿ ನನಗೆ ಈ ಕಷ್ಟ ಕಣ್ಣಿಗೆ ಕಟ್ಟುತ್ತದೆ. ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿ ಇಲ್ಲ ಅಂತ ಕೇಂದ್ರ ಹಣಕಾಸು ಇಲಾಖೆ 2024ರ ಆಗಸ್ಟ್‌ನಲ್ಲಿ ಹೇಳಿದೆ. ಮೊದಲು ಅದನ್ನು ಮಾಡಿಸಿ. ಆದರೆ ನಾಮಿನಿ ಅಂದರೆ ಹಣ ಕೈಗೆ ತೆಗೆದುಕೊಳ್ಳುವವರು ಅಷ್ಟೇ, ವಾರಸುದಾರರಲ್ಲ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದೇ ಜಗಳ ನೋಡಿದ್ದೇನೆ! ಅದಕ್ಕೆ ಇಬ್ಬರೂ ವಿಲ್ ಬರೆಸಿ. ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ನಡೆಯುತ್ತದೆ, ರಿಜಿಸ್ಟರ್ ಮಾಡಿಸಿದರೆ ಇನ್ನೂ ಗಟ್ಟಿ. ವಯಸ್ಸು ಚಿಕ್ಕದು ಅಂತ ಮುಂದೂಡಬೇಡ.

ಅಜ್ಜಿಗೆ ಇನ್ನೂ ಗೊತ್ತಿಲ್ಲ. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನುವುದು ಮಾತ್ರ ಪೂರ್ತಿ ನಿನ್ನ ಆಯ್ಕೆ, ಅದರಲ್ಲಿ ನಾನು ಕೈ ಹಾಕುವುದಿಲ್ಲ. ಆದರೆ ದೊಡ್ಡಮ್ಮ ಭಾನುವಾರ ಇಲ್ಲಿಗೆ ಬರುತ್ತಾರೆ, ಅವರ ಬಾಯಿ ನಿಲ್ಲುವುದಿಲ್ಲ. ಅವರಿಗಿಂತ ಮುಂಚೆ ನಮ್ಮಿಂದಲೇ ಅಜ್ಜಿಗೆ ತಿಳಿದರೆ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ನೀನು ಹೇಳುತ್ತೀಯಾ, ನಾನು ಹೇಳಲಾ? ಶನಿವಾರದೊಳಗೆ ತಿಳಿಸು.

ನಿನ್ನ
ಅಮ್ಮ