ಡೆಕ್ ಕೆಳಗಿನ ಸ್ಕಂಕ್: ಬೋನು ಇಡುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಡೆಕ್ (ಮನೆಗೆ ಅಂಟಿದ ಮರದ ಜಗಲಿ) ಕೆಳಗೆ ಸೇರಿಕೊಂಡ ಸ್ಕಂಕ್ (ಹೆದರಿದರೆ ಕೆಟ್ಟ ವಾಸನೆಯ ದ್ರವ ಸಿಂಪಡಿಸುವ ಬೆಕ್ಕಿನ ಗಾತ್ರದ ಪ್ರಾಣಿ) ಹಿಡಿಯಲು ಬೋನು ಇಡುವವರು ದಯವಿಟ್ಟು ಮೀನಿನ ಕ್ಯಾಟ್ ಫುಡ್ ಹಾಕಬೇಡಿ. ನಾನು ಹಾಕಿದ್ದೆ. ಬೆಳಿಗ್ಗೆ ನೋಡಿದರೆ ಒಳಗೆ ಪಕ್ಕದ ಮನೆ ಬೆಕ್ಕು, ಮುಖ ಊದಿಸಿಕೊಂಡು ಕೂತಿತ್ತು! ಬೆಕ್ಕಿಗೆ ಸಿಹಿ ರುಚಿಯೇ ಗೊತ್ತಾಗಲ್ಲ, ಅದಕ್ಕೇ ಮಾರ್ಷ್‌ಮ್ಯಾಲೋ (ಮೆತ್ತನೆಯ ಸಿಹಿ ಮಿಠಾಯಿ) ಇಡಿ. ಸಿಹಿಗೆ ರಕೂನೂ (ಸ್ಕಂಕ್‌ಗಿಂತ ದೊಡ್ಡ ಕಾಡುಪ್ರಾಣಿ) ಬರುತ್ತದೆ ಅಲ್ವಾ, ಹಾಗಾಗಿ ಬೋನು ಚಿಕ್ಕದಿರಲಿ, 7 ಇಂಚು ಅಗಲ, 7 ಇಂಚು ಎತ್ತರ, 24 ಇಂಚು ಉದ್ದ ಸಾಕು, ದೊಡ್ಡ ರಕೂನ್ ನುಗ್ಗುವುದು ಕಷ್ಟ. ತಂತಿ ಬೋನಿಗಿಂತ ಮುಚ್ಚಿದ ಪ್ಲಾಸ್ಟಿಕ್ ಬೋನು ವಾಸಿ. ಬಾಲ ಎತ್ತಲು ಜಾಗ ಇಲ್ಲದಿದ್ದರೆ ಸ್ಕಂಕ್ ಸಾಮಾನ್ಯವಾಗಿ ಸಿಂಪಡಿಸುವುದಿಲ್ಲ.

ಮೊದಲು ಬಿಲದ ಬಾಯಲ್ಲಿ ಒಂದು ಹಿಡಿ ಮೈದಾ ಉದುರಿಸಿ. ಬೆಳಿಗ್ಗೆ ಐದು ಬೆರಳು, ಮುಂದೆ ಉದ್ದ ಉಗುರಿನ ಚುಕ್ಕಿ ಕಂಡರೆ ಸ್ಕಂಕ್ ಇರಬಹುದು. ನಾಲ್ಕೇ ಬೆರಳು, ಉಗುರಿಲ್ಲ ಅಂದರೆ ಬೆಕ್ಕು.

ಕತ್ತಲಾಗುವಾಗ ಬೋನು ತೆರೆಯಿರಿ, ಬೆಳಗಾದ ಕೂಡಲೇ ಮುಚ್ಚಿ, ಇಲ್ಲದಿದ್ದರೆ ಅಳಿಲು ಬೀಳುತ್ತದೆ. ಮೇ, ಜೂನ್‌ನಲ್ಲಂತೂ ಬೇಡವೇ ಬೇಡ, ತಾಯಿ ಸಿಕ್ಕಿಬಿದ್ದರೆ ಡೆಕ್ ಕೆಳಗೆ ಮರಿಗಳು ಹಸಿದು ಸಾಯುತ್ತವೆ. ಬೋನಿನ ಹತ್ತಿರ ಹೋಗುವಾಗ ಹಳೇ ಬೆಡ್‌ಶೀಟ್ ಅಡ್ಡ ಹಿಡಿದು ನಿಧಾನಕ್ಕೆ ಹೋಗಿ. ಸ್ಕಂಕ್ ಮುಂಗಾಲು ನೆಲಕ್ಕೆ ತಟ್ಟಿತೋ, ಹಿಂದೆ ಸರಿಯಿರಿ.

ಇನ್ನೊಂದು, ಹಿಡಿದದ್ದನ್ನು ಕಾರಲ್ಲಿ ಹಾಕಿಕೊಂಡು ಬೇರೆ ಕಡೆ ಬಿಡುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅನುಮತಿ ಇಲ್ಲದೆ ಹಾಗೆ ಮಾಡುವುದು ಕಾನೂನುಬಾಹಿರ, ರೇಬೀಸ್ ಹರಡುವ ಭಯವೂ ಇದೆ. ಸಿಕ್ಕ ಜಾಗದಲ್ಲೇ ಬಿಟ್ಟು, ಡೆಕ್ ಕೆಳಗೆ ಏನೂ ಉಳಿದಿಲ್ಲ ಅಂತ ನೋಡಿಕೊಂಡು ಬಿಲಕ್ಕೆ ಜಾಲರಿ ಹೊಡೆಯಿರಿ.

ನನ್ನ ಬೋನು ಗ್ಯಾರೇಜಲ್ಲಿದೆ, ಬೇಕಾದವರು ತಗೊಳ್ಳಿ. ತೊಳೆದು ವಾಪಸ್ ಕೊಡಿ, ಪ್ಲೀಸ್.