ಆಂಜಿಯೋಗ್ರಾಂ ನಾರ್ಮಲ್, ಎದೆನೋವು ಮಾತ್ರ ನಿಂತಿಲ್ಲ

ಮಾನ್ಯರೆ,

ಹೃದಯದ ಮಾತು ಬಂದರೆ ಸಾಕು, ನಮ್ಮಲ್ಲಿ ಮೊದಲ ಪ್ರಶ್ನೆ ‘ಎಷ್ಟು ಬ್ಲಾಕ್?’ ಆಂಜಿಯೋಗ್ರಾಂ ನಾರ್ಮಲ್ ಬಂದರೆ ಮನೆಯ ಹಿರಿಯರ ಎದೆನೋವು, ಏದುಸಿರನ್ನೆಲ್ಲ ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕುತ್ತೇವೆ. ಆದರೆ ಆಂಜಿಯೋಗ್ರಾಂನಲ್ಲಿ ಕಾಣುವುದು ದೊಡ್ಡ ರಕ್ತನಾಳಗಳು ಮಾತ್ರ. ಹೃದಯದ ಸ್ನಾಯುವಿನೊಳಕ್ಕೆ ರಕ್ತ ಹಂಚುವ ತೀರಾ ಸಣ್ಣ ನಾಳಗಳು ಕಾಣುವುದೇ ಇಲ್ಲ.

ಮೆಟ್ಟಿಲು ಹತ್ತುವಾಗ ಈ ನಾಳಗಳು ಹಿಗ್ಗಿ ಹೃದಯಕ್ಕೆ ಹೆಚ್ಚು ರಕ್ತ ಒದಗಿಸಬೇಕು. ಹಾಗೆ ಹಿಗ್ಗಿಸುವುದರಲ್ಲಿ ನಾಳದ ಒಳಪದರ ತಯಾರಿಸುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲದ್ದು ದೊಡ್ಡ ಪಾತ್ರ. ಇದನ್ನು ತೋರಿಸಿಕೊಟ್ಟ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಂತು. ವಯಸ್ಸಾದಂತೆ ಈ ಅನಿಲ ಕಡಿಮೆಯಾಗುತ್ತದೆ, ನಾಳಗಳು ಬಿಗಿಯುತ್ತವೆ, ಹೃದಯಕ್ಕೆ ರಕ್ತ ಸಾಲದೆ ಎದೆನೋವು ಬರಬಹುದು. ಮಹಿಳೆಯರಲ್ಲಿ ಮುಟ್ಟು ನಿಂತ ಮೇಲೆ ಈ ಇಳಿಕೆ ಚುರುಕಾಗುತ್ತದೆ. ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸೇರಿದರಂತೂ ಇನ್ನೂ ಬೇಗ.

ನಿತ್ಯದ ನಡಿಗೆಯಿಂದ ಒಳಪದರದ ಕಸುವು ತಕ್ಕಮಟ್ಟಿಗೆ ಉಳಿಯುತ್ತದೆ. (ನಡೆಯಲು ಫುಟ್‌ಪಾತ್ ಎಲ್ಲಿದೆ ಎಂಬುದಕ್ಕೆ ಇನ್ನೊಂದು ಪತ್ರವೇ ಬೇಕು!) ಸ್ಟೆಂಟ್ ಬೇಡದಿದ್ದರೂ ಕೆಲವರಿಗೆ ಔಷಧ ಬೇಕಾಗುತ್ತದೆ. ವೈದ್ಯರು ‘ನಾರ್ಮಲ್’ ಎಂದು ಫೈಲ್ ಮುಚ್ಚುವ ಮುನ್ನ ಸಣ್ಣ ನಾಳಗಳ ತೊಂದರೆಯ ಸಾಧ್ಯತೆಯನ್ನೂ ರೋಗಿಗೆ, ಜೊತೆಗೆ ಬಂದ ಮಕ್ಕಳಿಗೆ ಬಿಡಿಸಿ ಹೇಳಲಿ.

– ನಿವೃತ್ತ ಶಿಕ್ಷಕಿ, ತುಮಕೂರು